ಮೋಡದ ನಾಡಿನಲ್ಲಿ ಒಂದು ಬಿಡಾರ

ಆಸ್ಟ್ರೇಲಿಯವೆಂದೊಡನೆ ಕನ್ನಡಿಗರ ಕಣ್ಣೆದುರಿಗೆ ಬರುವುದು ಕಾಂಗರೂ, ಕ್ರಿಕೆಟ್ ಮೈದಾನ ಮತ್ತು ಕೆಂಪು ಮರಳುಗಾಡು. ಆ ಖಂಡದ ಬಹುಭಾಗ ಒಣನೆಲವೆಂಬುದು ನಿಜವೇ. ಆದರೆ ಅದರ ಪೂರ್ವದ ಅಂಚಿನಲ್ಲಿ, ಹವಳ ಸಮುದ್ರಕ್ಕೆ ಮುಖಮಾಡಿ ನಿಂತ ಬೆಟ್ಟಗಳ ಸಾಲೊಂದುಂಟು. ಆ ಬೆಟ್ಟಗಳ ನೆತ್ತಿಯ ಮೇಲೆ ಆಗುಂಬೆಯವರಿಗೂ ಅಪರಿಚಿತವೆನಿಸದಂಥ ಹಸಿರು ಕಾಡುಗಳುಂಟು. ಯಂಗೆಲಾ ಅಂತಹ ಒಂದು ಕಾಡು. ಅಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಆ ಹೆಸರಿಗೆ ‘ಮೋಡದ ನಾಡು’ ಎಂಬ ಅರ್ಥವಿದೆಯೆಂದು ಹೇಳುತ್ತಾರೆ. ಬೆಳಗಿನ ಹೊತ್ತು ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿ, ಬೆಟ್ಟದ ತುದಿಗಳು ಮಾತ್ರ ನಡುಗಡ್ಡೆಗಳಂತೆ ತೇಲುವುದನ್ನು ಕಂಡವರು ಆ ಅರ್ಥವನ್ನು ಅಲ್ಲಗಳೆಯಲಾರರು.

ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಯಲ್ಲಿ ಮಕಾಯ್ ಎಂಬ ಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಯಂಗೆಲಾ. ದಾರಿಯ ಬಹುಭಾಗ ಪಯನಿಯರ್ ನದಿಯ ಬಯಲಿನಲ್ಲಿ ಸಾಗುತ್ತದೆ. ಎಡಕ್ಕೂ ಬಲಕ್ಕೂ ಕಬ್ಬಿನ ಗದ್ದೆಗಳು. ಗದ್ದೆಗಳ ನಡುವೆ ಕಬ್ಬು ಸಾಗಿಸುವ ಪುಟ್ಟ ರೈಲಿನ ಹಳಿಗಳು. ಮಂಡ್ಯದ ಕಡೆಯವರು ಕಣ್ಣುಮುಚ್ಚಿ ವಾಸನೆಯಿಂದಲೇ ಗುರುತಿಸಬಲ್ಲ ಸೀಮೆಯದು. ಫಿಂಚ್ ಹ್ಯಾಟನ್ ಎಂಬ ಹಳ್ಳಿಯನ್ನು ದಾಟಿದ ಮೇಲೆ ಬಯಲು ಮುಗಿಯುತ್ತದೆ, ಘಟ್ಟ ಎದುರಾಗುತ್ತದೆ. ರಸ್ತೆಯು ತಿರುವಿನ ಮೇಲೆ ತಿರುವು ತೆಗೆದುಕೊಂಡು, ಕೆಲವೇ ಕಿಲೋಮೀಟರುಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಯಂಗೆಲಾ ಊರನ್ನು ಮುಟ್ಟುತ್ತದೆ. ಊರಿನಿಂದ ದಕ್ಷಿಣಕ್ಕೆ ಇನ್ನೈದಾರು ಕಿಲೋಮೀಟರ್ ಹೋದರೆ ಸೇತುವೆಯೊಂದರ ಕೆಳಗೆ ಸದ್ದಿಲ್ಲದೆ ಹರಿಯುವ ತೊರೆ ಕಾಣುತ್ತದೆ. ಅದರ ಹೆಸರು ಬ್ರೋಕನ್ ರಿವರ್; ಎಂದರೆ ಮುರಿದ ಹೊಳೆ.

ಈ ಹೊಳೆಯ ನಡಿಗೆಯೂ ವಿಚಿತ್ರವಾದುದೇ. ಪೂರ್ವಕ್ಕೆ ಕೈಚಾಚಿದರೆ ಸಿಕ್ಕುವಷ್ಟು ಸಮೀಪದಲ್ಲಿ ಕಡಲಿದ್ದರೂ ಅದು ಕಡಲಿಗೆ ಬೆನ್ನು ಮಾಡಿ ಒಳನಾಡಿನತ್ತ ಹರಿಯುತ್ತದೆ. ಬೋವೆನ್ ನದಿಯನ್ನು ಸೇರಿ, ಅದರ ಸಂಗಡ ಬರ್ಡೆಕಿನ್ ಎಂಬ ಮಹಾನದಿಯನ್ನು ಕೂಡಿ, ಬಳಸುದಾರಿಯಲ್ಲಿ ಬಹುದೂರ ಸುತ್ತಿ, ಕೊನೆಗೆ ತಾನು ಬೆನ್ನು ತೋರಿಸಿ ಬಂದ ಕಡಲಿಗೇ ಹೋಗಿ ಬೀಳುತ್ತದೆ. ಅರಬ್ಬಿ ಸಮುದ್ರದ ಮಗ್ಗುಲಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯನ್ನು ಅರಸಿ ಹೊರಡುವ ತುಂಗಭದ್ರೆಯರ ನಾಡಿನವರಿಗೆ ಈ ಹಟ ಹೊಸದೇನಲ್ಲ.

ಡೇರೆಯ ಸಂಸಾರ

ಊರಿನ ಎಲ್ಲೆ ದಾಟಿದ ಕಾಡನ್ನೂ ಕುರುಚಲನ್ನೂ ಬಯಲನ್ನೂ ಆಸ್ಟ್ರೇಲಿಯದವರು ಒಟ್ಟಾಗಿ ‘ಬುಷ್’ ಎನ್ನುತ್ತಾರೆ. ರಜೆ ಬಂದಿತೆಂದರೆ ಡೇರೆಯೊಂದನ್ನು ಕಟ್ಟಿಕೊಂಡು ಬುಷ್‌ಗೆ ಹೊರಟುಬಿಡುವುದು ಅವರ ಜೀವನದ ಒಂದು ಅಂಗ. ಬ್ರೋಕನ್ ರಿವರ್ ದಂಡೆಯಲ್ಲಿ ರಾಷ್ಟ್ರೀಯ ಉದ್ಯಾನದವರು ಬಿಡಾರಕ್ಕೆಂದು ತಾಣಗಳನ್ನು ಗೊತ್ತುಮಾಡಿದ್ದಾರೆ. ಅವುಗಳಲ್ಲಿ ಫರ್ನ್ ಫ್ಲ್ಯಾಟ್ ಎಂಬಲ್ಲಿಗೆ ವಾಹನ ಹೋಗದು. ಗಂಟುಮೂಟೆಯನ್ನು ಬೆನ್ನಿಗೇರಿಸಿಕೊಂಡು ನಡೆದೇ ಹೋಗಬೇಕು. ಮುಂಗಡವಾಗಿ ಪರವಾನಗಿ ಪಡೆದವರಿಗೆ ಮಾತ್ರ ಅಲ್ಲಿ ಡೇರೆ ಹಾಕಲು ಅವಕಾಶ. ಕಾಡಿನಲ್ಲಿ ಬಿದ್ದ ಪುಳ್ಳೆಯನ್ನು ಸಹ ಆಯ್ದು ಒಲೆಗೆ ಹಾಕುವಂತಿಲ್ಲ. ಅಡುಗೆಗೆ ಅನಿಲದ ಪುಟ್ಟ ಒಲೆಯನ್ನು ಒಯ್ಯಬೇಕು. ಕೊಳೆತು ಮಣ್ಣಾಗುವ ಕಟ್ಟಿಗೆಯೂ ಯಾವುದೋ ಹುಳುವಿನ ಮನೆ ಎಂಬುದು ಇದರ ತಾತ್ಪರ್ಯ.

ತಲೆಯ ಮೇಲೆ ಚಪ್ಪರ ಕಟ್ಟಿದಂತೆ ಮರಗಳು. ಮರದ ಕವೆಗಳಲ್ಲಿ ಬೇರೂರಿದ ಬಂದಳಿಕೆ, ಸೀತಾಳೆ, ಜರಿಗಿಡಗಳು. ಆಶ್ರಯ ಕೊಟ್ಟ ಮರವನ್ನೇ ತಬ್ಬಿ ಕೊಲ್ಲುವ ಆಲದ ಜಾತಿಯ ಮರಗಳು ಇಲ್ಲಿಯೂ ಉಂಟು. ಹಳ್ಳದ ಪಕ್ಕದಲ್ಲಿ ನೆಟ್ಟಗೆ ಬೆಳೆದು ನಿಂತ ತಾಳೆಗಳನ್ನು ಕಂಡರೆ ತೀರ್ಥಹಳ್ಳಿಯವರು ‘ಇದಾರ ಅಡಿಕೆ ತೋಟ?’ ಎಂದು ಕೇಳಿಯಾರು. ಅವು ಅಡಿಕೆಯ ದಾಯಾದಿಗಳೇ. ಮಳೆ ಬಿದ್ದ ದಿನಗಳಲ್ಲಿ ಇಂಬಳಗಳು ಕಾಲಿಗೇರಿ ಆತಿಥ್ಯ ಬೇಡುವುದರಲ್ಲಿಯೂ ಮಲೆನಾಡಿಗೂ ಇಲ್ಲಿಗೂ ಭೇದವಿಲ್ಲ. ಆದರೆ ಕ್ವೀನ್ಸ್‌ಲ್ಯಾಂಡಿನ ಮಳೆಕಾಡುಗಳಲ್ಲಿ ಬೆಳೆಯುವ, ತುರಚೆಯ ವಂಶಕ್ಕೆ ಸೇರಿದ ಒಂದು ಗಿಡವನ್ನು ಮಾತ್ರ ಮುಟ್ಟಬಾರದು. ಹೃದಯದಾಕಾರದ ಅದರ ಎಲೆಗಳ ಮೇಲಿನ ಗಾಜಿನಂಥ ನವಿರುಗಳು ಚರ್ಮದಲ್ಲಿ ಮುರಿದು ನಿಂತರೆ ಉರಿ ದಿನಗಟ್ಟಲೆ ಇಳಿಯದು.

ಡೇರೆಯ ಗೂಟ ಹೊಡೆದು ಮುಗಿಯುವಷ್ಟರಲ್ಲಿ ಮೊದಲನೆಯ ಅತಿಥಿ ಹಾಜರು. ಕಪ್ಪು ಮೈ, ಬೋಳು ಕೆಂಪು ತಲೆ, ಕೊರಳಲ್ಲಿ ಹಳದಿ ಪಟ್ಟಿ, ಹುಂಜದ ಠೀವಿ. ಇದೇ ಬ್ರಷ್ ಟರ್ಕಿ. ಬುತ್ತಿಯ ಚೀಲ ತೆರೆದಿದ್ದರೆ ಕ್ಷಣದಲ್ಲಿ ರೊಟ್ಟಿಯನ್ನು ಹಾರಿಸಿಕೊಂಡು ಹೋಗುವ ಈ ಹಕ್ಕಿಯ ಸಂಸಾರಪದ್ಧತಿ ಸೋಜಿಗವಾದುದು. ಗಂಡು ಕಾಡಿನ ತರಗೆಲೆಗಳನ್ನೆಲ್ಲ ಕಾಲಿನಿಂದ ಕೆರೆದು ಗೊಬ್ಬರದ ತಿಪ್ಪೆಯಂಥ ದೊಡ್ಡ ಗುಡ್ಡೆ ಮಾಡುತ್ತದೆ. ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಎಲೆ ಕೊಳೆಯುವ ಕಾವಿನಲ್ಲಿಯೇ ಮೊಟ್ಟೆ ಬೆಳೆಯಬೇಕು. ಗಂಡು ಆಗಾಗ ಗುಡ್ಡೆಯೊಳಕ್ಕೆ ಕೊಕ್ಕಿಟ್ಟು ಕಾವನ್ನು ಪರೀಕ್ಷಿಸಿ, ಹೆಚ್ಚಾದರೆ ಎಲೆ ತೆಗೆದು, ಕಡಿಮೆಯಾದರೆ ಎಲೆ ಹೊದಿಸಿ, ಅದನ್ನು ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸುತ್ತದೆ. ಇಷ್ಟು ಶ್ರದ್ಧೆಯಿಂದ ಕಾದ ತಂದೆ, ಮರಿ ಗುಡ್ಡೆಯನ್ನು ಬಗೆದು ಹೊರಬಂದಾಗ ಅದರತ್ತ ತಿರುಗಿಯೂ ನೋಡುವುದಿಲ್ಲ! ಹುಟ್ಟಿದ ಮರಿ ತನ್ನ ಪಾಡಿಗೆ ತಾನು ಕಾಡು ಸೇರುತ್ತದೆ.

ಮಡುವಿನ ಒಡೆಯ

ಜನರು ಯಂಗೆಲಾಕ್ಕೆ ಬರುವುದು ಈ ಹಕ್ಕಿಯನ್ನು ನೋಡಲೆಂದಲ್ಲ. ಸಂಜೆ ಬಿಸಿಲು ಮರಗಳ ನೆತ್ತಿಗೆ ಏರುವ ಹೊತ್ತಿಗೆ, ಸೇತುವೆಯ ಬಳಿ ಹಲಗೆ ಹಾಸಿ ಮಾಡಿದ ಅಟ್ಟಣೆಗಳ ಮೇಲೆ ಮಾತಿಲ್ಲದ ಒಂದು ಸಭೆ ಸೇರುತ್ತದೆ. ಮಕ್ಕಳ ಬಾಯಿಯ ಮೇಲೂ ಬೆರಳು. ಕೆಳಗೆ ಕಪ್ಪು ಗಾಜಿನಂಥ ಮಡು. ಮೊದಲು ಕಾಣುವುದು ಆಮೆಯ ತಲೆ. ಅದನ್ನೇ ನೋಡಿ ಹೊಸಬರು ಉಸಿರು ಬಿಗಿಹಿಡಿಯುತ್ತಾರೆ, ಹಳಬರು ಮುಗುಳುನಗುತ್ತಾರೆ. ನೀಲಿ ಮೀಂಚುಳ್ಳಿಯೊಂದು ನೀರಿಗೆ ಬಾಗಿದ ಕೊಂಬೆಯಿಂದ ಬಾಣದಂತೆ ಎರಗಿ ಮತ್ತೆ ಕೊಂಬೆ ಸೇರುತ್ತದೆ. ಆಮೇಲೆ, ಮಡುವಿನ ಆಚೆಯ ನೆರಳಿನಲ್ಲಿ ಗುಳ್ಳೆಗಳ ಒಂದು ಸಣ್ಣ ಸಾಲು ಮೇಲೆದ್ದು ಈಚೆಗೆ ಸರಿಯುತ್ತದೆ. ಗುಳ್ಳೆಗಳು ನಿಂತೆಡೆ ನೀರು ಉಬ್ಬಿ ಒಡೆಯುತ್ತದೆ. ಚಪ್ಪಟೆಯಾದ, ಕಂದುಬಣ್ಣದ, ಬೆಕ್ಕಿಗಿಂತ ಚಿಕ್ಕದಾದ ಪ್ರಾಣಿಯೊಂದು ನೀರಿನ ಮೇಲೆ ಮಲಗಿದಂತೆ ತೇಲಿ ಏನನ್ನೋ ಅಗಿಯುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿದರೆ ಹತ್ತಕ್ಕೆ ಮುಟ್ಟುವಷ್ಟರಲ್ಲಿ ಅದು ಬೆನ್ನು ಬಾಗಿಸಿ ಮುಳುಗಿಬಿಡುತ್ತದೆ. ಉಳಿಯುವುದು ಅಗಲವಾಗುತ್ತ ಹೋಗುವ ನೀರಿನ ಉಂಗುರ ಮಾತ್ರ.

ಇದೇ ಪ್ಲಾಟಿಪಸ್. ಮೈಯೆಲ್ಲ ನೀರುನಾಯಿಯಂತೆ ದಟ್ಟ ತುಪ್ಪಳ, ಬಾತುಕೋಳಿಯದರಂತೆ ಅಗಲವಾದ ಮೂತಿ, ಬೆರಳುಗಳ ನಡುವೆ ಜಾಲಪೊರೆ, ಹಲಗೆಯಂಥ ಬಾಲ. ಇದು ಮೊಟ್ಟೆಯಿಡುತ್ತದೆ, ಆದರೆ ಮರಿಗೆ ಹಾಲೂಡಿಸುತ್ತದೆ. ಹಾಲೂಡಿಸುತ್ತದೆ, ಆದರೆ ಮೊಲೆತೊಟ್ಟಿಲ್ಲ; ಹಾಲು ಹೊಟ್ಟೆಯ ಚರ್ಮದಿಂದಲೇ ಜಿನುಗುತ್ತದೆ. ಗಂಡಿನ ಹಿಂಗಾಲಿನಲ್ಲಿ ವಿಷದ ಮುಳ್ಳು ಬೇರೆ. ಇದರ ಒಣಗಿಸಿದ ತೊಗಲು ಇಂಗ್ಲೆಂಡಿಗೆ ಮುಟ್ಟಿದಾಗ, 1799ರಲ್ಲಿ ಅದನ್ನು ವರ್ಣಿಸಿದ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಅವರಿಗೇ, ಯಾರೋ ಕೈಚಳಕದವರು ಬಾತಿನ ಕೊಕ್ಕನ್ನು ತಂದು ಹೊಲಿದಿರಬಹುದೇ ಎಂಬ ಸಂದೇಹ ಬಂದಿತ್ತು. ಮೊಟ್ಟೆಯಿಡುತ್ತದೆಯೋ ಇಲ್ಲವೋ ಎಂಬ ವಾದ ಎಂಬತ್ತು ವರ್ಷಗಳಿಗೂ ಮಿಗಿಲಾಗಿ ನಡೆಯಿತು. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ಯುವ ವಿಜ್ಞಾನಿ ಇದೇ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಂಡೆಯಲ್ಲಿ, ಮೂಲನಿವಾಸಿಗಳ ದೊಡ್ಡ ತಂಡದ ನೆರವಿನಿಂದ ಹುಡುಕಿ, ಮೊಟ್ಟೆಯನ್ನು ಕಣ್ಣಾರೆ ಕಂಡು ತಂತಿ ಕಳುಹಿಸಿದ ಮೇಲೆಯೇ ಆ ವಾದಕ್ಕೆ ತೆರೆ ಬಿದ್ದಿತು.

ನೀರಿನಲ್ಲಿ ಮುಳುಗುವಾಗ ಪ್ಲಾಟಿಪಸ್ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಹಾಗಾದರೆ ಬೇಟೆ ಕಾಣುವುದೆಂತು? ಅದರ ಮೂತಿ ಹಕ್ಕಿಯ ಕೊಕ್ಕಿನಂತೆ ಗಡುಸಲ್ಲ. ತೇವದ ತೊಗಲಿನಂತೆ ಮೆತ್ತಗಿದೆ. ಅದರಲ್ಲಿ ಸುಮಾರು 40,000 ಸೂಕ್ಷ್ಮ ವಿದ್ಯುತ್ ಗ್ರಾಹಕಗಳಿವೆ. ತಳದ ಕಲ್ಲಿನ ಮರೆಯಲ್ಲಿ ಸಿಗಡಿಯೊಂದು ಬಾಲ ಅಲುಗಿಸಿದರೆ ಅದರ ಸ್ನಾಯುವಿನಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಅದಕ್ಕೆ ಸುಳಿವು. ಕತ್ತಲೆ ನೀರಿನಲ್ಲಿ ಮೂತಿಯನ್ನು ಎಡಬಲಕ್ಕೆ ಬೀಸುತ್ತ ಹುಳು, ಸಿಗಡಿ, ಕೀಟಗಳ ಮರಿಗಳನ್ನು ಹೆಕ್ಕಿ ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮೇಲೆ ಬರುತ್ತದೆ. ಬೆಳೆದ ಪ್ಲಾಟಿಪಸ್ಸಿಗೆ ಹಲ್ಲಿಲ್ಲ. ಕೊಂಬಿನಂಥ ಗಟ್ಟಿ ಪಟ್ಟಿಗಳಿಂದಲೇ ಅರೆದು ನುಂಗಬೇಕು. ಮುಳುಗಿ ಸ್ವಲ್ಪ ಹೊತ್ತಿನೊಳಗೆ ಮತ್ತೆ ಉಸಿರಿಗೆ ಬಾರದೆ ವಿಧಿಯಿಲ್ಲ. ಸಿಗಡಿ ಹಿಡಿಯಲು ಜನರಿಡುವ ಬಾಯಿಮುಚ್ಚಿದ ಬಲೆಗಳಲ್ಲಿ ಸಿಕ್ಕಿ, ಮೇಲೆ ಬರಲಾರದೆ ಎಷ್ಟೋ ಪ್ಲಾಟಿಪಸ್‌ಗಳು ಸತ್ತಿವೆ. 2016ರಿಂದ ಈ ಪ್ರಾಣಿಯ ಹೆಸರು ಅಪಾಯದ ಅಂಚಿಗೆ ಸಮೀಪಿಸಿದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಇರುಳಿನ ಸದ್ದು

ಕತ್ತಲಾದೊಡನೆ ಸಭೆ ಚದುರುತ್ತದೆ. ಡೇರೆಯ ಮುಂದೆ ದೀಪ ತಗ್ಗಿಸಿ ಕುಳಿತವರಿಗೆ ಮರದಿಂದ ಮರಕ್ಕೆ ಏನೋ ಹಾರಿದ ಸಪ್ಪಳ ಕೇಳುತ್ತದೆ. ಮೈಚರ್ಮವನ್ನು ಛತ್ರಿಯಂತೆ ಹರಡಿ ತೇಲುವ ಗ್ಲೈಡರ್ ಅದು. ಪೊದೆಯೊಳಗೆ ಎರಡು ಕೆಂಡಗಳು ಹೊಳೆಯುತ್ತವೆ. ಅದು ಬುತ್ತಿಗಾಗಿ ಹೊಂಚುಹಾಕಿದ ಪಾಸಮ್. ಅದಕ್ಕೆ ತುತ್ತು ಎಸೆಯಬೇಕೆಂಬ ಆಸೆ ಮಕ್ಕಳಿಗೆ ಸಹಜ. ಆದರೆ ಕಾಡುಪ್ರಾಣಿಗೆ ತಿನ್ನಲು ಕೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ದೂರದಲ್ಲೊಂದು ಗೂಬೆ ‘ಬೂ-ಬುಕ್, ಬೂ-ಬುಕ್’ ಎಂದು ಒಂದೇ ಶ್ರುತಿಯಲ್ಲಿ ಕೂಗುತ್ತದೆ. ಎಲೆಗಳ ಸಂದಿನಲ್ಲಿ ತ್ರಿಶಂಕು ನಕ್ಷತ್ರ. ಕನ್ನಡ ನಾಡಿನಲ್ಲಿ ದಕ್ಷಿಣದ ದಿಗಂತಕ್ಕೆ ಅಂಟಿಕೊಂಡಂತೆ ಕಾಣುವ ಆ ನಾಲ್ಕು ತಾರೆಗಳು, ಮೇ-ಜೂನ್ ತಿಂಗಳ ಸಂಜೆ ಇಲ್ಲಿ ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ ನಿಲ್ಲುತ್ತವೆ. ಸ್ವರ್ಗಕ್ಕೂ ಸಲ್ಲದೆ ಭೂಮಿಗೂ ಸಲ್ಲದೆ ನಡುವೆ ನಿಂತ ಆ ರಾಜನ ಕೆಳಗೆ, ಹಕ್ಕಿಯ ಸಾಲಿಗೂ ಮೃಗದ ಸಾಲಿಗೂ ಪೂರ್ತಿ ಸಲ್ಲದ ಪ್ರಾಣಿ ಮಡುವಿನಲ್ಲಿ ತನ್ನ ಇರುಳಿನ ದುಡಿಮೆಯನ್ನು ನಡೆಸಿರುತ್ತದೆ.

ಇಷ್ಟೆಲ್ಲ ಸದ್ದಿನ ನಡುವೆ ಈ ತೊರೆಗಳಲ್ಲಿ ಇಲ್ಲದ ಸದ್ದೊಂದಿದೆ. ಇಲ್ಲದುದನ್ನು ಕಿವಿ ಕೇಳಲಾರದು. ಆದುದರಿಂದ ಅದರ ಕಥೆಯನ್ನು ಹೇಳಿಯೇ ತಿಳಿಸಬೇಕು.

ಯಂಗೆಲಾದ ಮಳೆಕಾಡು ಒಣಕಾಡಿನ ಕಡಲಿನಲ್ಲಿರುವ ದ್ವೀಪದಂತೆ. ಉತ್ತರದ ಮತ್ತು ದಕ್ಷಿಣದ ಮಳೆಕಾಡುಗಳಿಂದ ಇದು ಸಾವಿರಾರು ವರ್ಷಗಳ ಹಿಂದೆಯೇ ಬೇರ್ಪಟ್ಟಿತು. ಅದರಿಂದಾಗಿ ಬೇರೆಲ್ಲಿಯೂ ಕಾಣದ ಜೀವಿಗಳು ಇಲ್ಲಿ ನೆಲೆಸಿದವು. ಇಲ್ಲಿಯ ಜೇನುಗುಡುಕ ಹಕ್ಕಿಯೊಂದು ಬೇರೆಯೇ ಜಾತಿಯೆಂದು ವಿಜ್ಞಾನಕ್ಕೆ ಗೊತ್ತಾದುದು 1983ರಲ್ಲಿ. ಮರುವರ್ಷ, 1984ರ ಜನವರಿಯಲ್ಲಿ, ಇಲ್ಲಿಯ ತೊರೆಗಳಲ್ಲಿ ಒಂದು ಕಪ್ಪೆ ಪತ್ತೆಯಾಯಿತು. ಅದರ ಹೆಣ್ಣು ತಾನಿಟ್ಟ ಮೊಟ್ಟೆಗಳನ್ನು ತಾನೇ ನುಂಗಿಬಿಡುತ್ತಿತ್ತು! ಹಸಿವಿಗಲ್ಲ. ಮೊಟ್ಟೆಯೊಡೆದು ಗೊದಮೊಟ್ಟೆಗಳಾಗಿ, ಗೊದಮೊಟ್ಟೆಗಳು ಬೆಳೆದು ಪುಟ್ಟ ಕಪ್ಪೆಗಳಾಗುವವರೆಗೆ ಅವುಗಳಿಗೆ ತಾಯಿಯ ಜಠರವೇ ತೊಟ್ಟಿಲು. ಇದೇ ಕುಲದ ದಕ್ಷಿಣದ ಕಪ್ಪೆಯನ್ನು ಪರೀಕ್ಷಿಸಿದವರು ಕಂಡಂತೆ, ಆ ವಾರಗಳಲ್ಲಿ ತಾಯಿ ಏನನ್ನೂ ತಿನ್ನುವುದಿಲ್ಲ; ಅದರ ಹೊಟ್ಟೆಯಲ್ಲಿ ಆಮ್ಲ ಒಸರುವುದು ನಿಂತುಹೋಗುತ್ತದೆ. ಕೊನೆಗೊಂದು ದಿನ ಅದು ಬಾಯಿ ತೆರೆದರೆ ಮರಿಗಳು ಒಂದೊಂದಾಗಿ ಹೊರಕ್ಕೆ ಜಿಗಿಯುತ್ತವೆ. ಆಮ್ಲವನ್ನು ತಡೆಯುವ ಆ ಗುಟ್ಟು ಮನುಷ್ಯರ ಹೊಟ್ಟೆಹುಣ್ಣಿಗೆ ಮದ್ದಾದೀತೇ ಎಂದು ವೈದ್ಯವಿಜ್ಞಾನಿಗಳೂ ಕುತೂಹಲಗೊಂಡಿದ್ದರು.

ಆ ಗುಟ್ಟು ಬಿಡಲಿಲ್ಲ. ದಕ್ಷಿಣದ ಕಪ್ಪೆ 1981ರ ಬಳಿಕ ಕಾಡಿನಲ್ಲಿ ಕಾಣಲಿಲ್ಲ. ಪ್ರಯೋಗಾಲಯದಲ್ಲಿದ್ದ ಕೊನೆಯದು 1983ರಲ್ಲಿ ಸತ್ತಿತು. ಯಂಗೆಲಾದ ಕಪ್ಪೆ 1985ರ ಮಾರ್ಚಿನ ಬಳಿಕ ಯಾರ ಕಣ್ಣಿಗೂ ಬಿದ್ದಿಲ್ಲ. ಲೋಕಕ್ಕೆ ಪರಿಚಯವಾಗಿ ಸುಮಾರು ಹದಿನಾಲ್ಕು ತಿಂಗಳಲ್ಲಿಯೇ ಅದು ಲೋಕದಿಂದಲೇ ಎದ್ದುಹೋಯಿತು. ಯಾರೂ ಕಾಡು ಕಡಿದಿರಲಿಲ್ಲ. 1941ರಿಂದಲೂ ಈ ಬೆಟ್ಟ ರಾಷ್ಟ್ರೀಯ ಉದ್ಯಾನವಾಗಿಯೇ ಇತ್ತು. ಮರಗಳು ಇದ್ದಂತೆಯೇ ಇದ್ದವು, ನೀರು ತಿಳಿಯಾಗಿಯೇ ಇತ್ತು.

ಕಾರಣದ ಸುಳಿವು ಸಿಕ್ಕಿದ್ದು 1998ರಲ್ಲಿ. ನೀರಿನಲ್ಲಿ ಈಜುವ ಬೀಜಾಣುಗಳಿಂದ ಹರಡುವ ಒಂದು ಶಿಲೀಂಧ್ರವು ಕಪ್ಪೆಗಳ ಚರ್ಮಕ್ಕೆ ಅಂಟುತ್ತದೆ. ಕಪ್ಪೆಗೆ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಅದು ನೀರನ್ನೂ ಲವಣವನ್ನೂ ಉಸಿರನ್ನೂ ಅದರ ಮೂಲಕವೇ ಪಡೆಯುತ್ತದೆ. ಚರ್ಮ ಕೆಟ್ಟರೆ ರಕ್ತದ ಲವಣಗಳು ಕುಸಿದು ಹೃದಯ ನಿಲ್ಲುತ್ತದೆ. ಕಪ್ಪೆಗಳ ವ್ಯಾಪಾರದೊಡನೆ ಈ ಪಿಡುಗು ಖಂಡದಿಂದ ಖಂಡಕ್ಕೆ ದಾಟಿತು. 2019ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿದಂತೆ, ಕಡಿಮೆಯೆಂದರೂ 501 ಜಾತಿಯ ಉಭಯಚರಗಳ ಇಳಿಕೆಯಲ್ಲಿ ಇದರ ಕೈವಾಡವಿದೆ. ಅವುಗಳಲ್ಲಿ 90 ಜಾತಿಗಳು ಅಳಿದಿರಬೇಕು. ಯಂಗೆಲಾದ ತಾಯಿಕಪ್ಪೆಯನ್ನು ಒಯ್ದುದೂ ಬಹುಮಟ್ಟಿಗೆ ಇದೇ ಎಂಬುದು ಬಲ್ಲವರ ಅಭಿಪ್ರಾಯ.

ಆಸೆಗೆ ಎಡೆಯಿಲ್ಲದಿಲ್ಲ. ಯಂಗೆಲಾದ ಇನ್ನೊಂದು ಪುಟ್ಟ ಹಗಲುಗಪ್ಪೆಯೂ ಅದೇ ಕಾಲದಲ್ಲಿ ಮರೆಯಾಗಿ, ಅಳಿದೇ ಹೋಯಿತೆಂದು ಜನ ಕೈಚೆಲ್ಲಿದ್ದರು. 1992ರಲ್ಲಿ ಅದು ಕೆಲವು ತೊರೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಹರಿವ ನೀರಿನ ಗದ್ದಲದಲ್ಲಿ ಕೂಗು ಕೇಳಿಸದೆಂದೋ ಏನೋ, ಅದು ತಲೆಯಾಡಿಸಿ ಕಾಲು ಬೀಸಿ ತನ್ನವರೊಡನೆ ಮಾತಾಡುತ್ತದೆ. ಕೈಕಾಲಿನ ಈ ಭಾಷೆ ಕನ್ನಡ ನಾಡಿಗೂ ಹೊಸದಲ್ಲ. ಚಾರ್ಮಾಡಿ ಘಟ್ಟದ ತಲೆಯ ಮೇಲಿನ ಕೊಟ್ಟಿಗೆಹಾರದ ಹೆಸರನ್ನು ಹೊತ್ತ, ಹಿಂಗಾಲು ಚಾಚಿ ಬೆರಳು ಬಿಡಿಸುವ ಕುಣಿಯುವ ಕಪ್ಪೆಯೊಂದು ಪಶ್ಚಿಮಘಟ್ಟದ ಹಳ್ಳಗಳಲ್ಲಿದೆ. 1937ರಲ್ಲಿ ಅದಕ್ಕೆ ಆ ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು. ಅದಕ್ಕೂ ಇಂದು ಅಳಿವಿನ ಭೀತಿಯಿದೆ. ಆ ಶಿಲೀಂಧ್ರ ಪಶ್ಚಿಮಘಟ್ಟದ ಕಪ್ಪೆಗಳಲ್ಲಿಯೂ ಪತ್ತೆಯಾಗಿದೆ. ಯಂಗೆಲಾದ ಕಥೆಯನ್ನು ದೂರದ ದೇಶದ ಸುದ್ದಿಯೆಂದು ಮಡಿಸಿಡುವಂತಿಲ್ಲ.

ಹೊರಡುವ ಮುನ್ನ

ಬೆಳಗಿನ ಜಾವ ಕಾಡು ಏಳುವುದು ಚಾಟಿಯ ಪೆಟ್ಟಿನಿಂದ. ಗಂಡು ಚಾಟಿಹಕ್ಕಿ ನೀಳವಾಗಿ ಸಿಳ್ಳೆ ಎಳೆದು ‘ಛಟ್’ ಎಂದು ಮುಗಿಸುತ್ತದೆ. ಮರುಕ್ಷಣವೇ ಹೆಣ್ಣು ಎರಡು ಸ್ವರಗಳಲ್ಲಿ ಉತ್ತರ ಕೊಡುತ್ತದೆ. ಎರಡು ಹಕ್ಕಿಗಳೆಂದು ಹೇಳಿದ ಹೊರತು ಯಾರೂ ನಂಬರು. ಆಮೇಲೆ ಕೂಕಬರಾಗಳ ಗಹಗಹಿಸುವ ನಗು. ಮಡುವಿನ ಮೇಲೆ ಮಂಜು ಹೊಗೆಯಾಡುತ್ತಿರುವಾಗಲೇ ಪ್ಲಾಟಿಪಸ್ಸಿನ ಗುಳ್ಳೆಗಳ ಸಾಲು ಮತ್ತೊಮ್ಮೆ ಕಾಣುತ್ತದೆ, ಮತ್ತೊಮ್ಮೆ ಉಂಗುರ ಅಗಲವಾಗುತ್ತದೆ.

2018ರ ನವೆಂಬರ್ ಕೊನೆಯಲ್ಲಿ, ಎಂದೂ ಬೇಯದೆಂದು ನಂಬಿದ್ದ ಈ ಬೆಟ್ಟದ ಮಳೆಕಾಡಿನೊಳಕ್ಕೂ ಕಾಳ್ಗಿಚ್ಚು ನುಗ್ಗಿತು. 2022ರಲ್ಲಿ ರಾಜ್ಯ ಸರಕಾರವು ಇಲ್ಲಿಯ ಬೆಟ್ಟಕಣಿವೆಗಳಲ್ಲಿ ಭಾರಿ ಜಲವಿದ್ಯುತ್ ಯೋಜನೆಯೊಂದನ್ನು ಸಾರಿತು. 2024ರಲ್ಲಿ ಸರಕಾರ ಬದಲಾಗಿ ಅದು ಕೈಬಿಟ್ಟುಹೋಯಿತು. ಬೆಂಕಿ ಕಣ್ಣಿಗೆ ಕಾಣುವ ಅಪಾಯ, ಅಣೆಕಟ್ಟು ವಾದಕ್ಕೆ ಸಿಗುವ ಅಪಾಯ. ಕಪ್ಪೆಯನ್ನು ಒಯ್ದುದು ಕಣ್ಣಿಗೂ ಕಾಣಲಿಲ್ಲ, ವಾದಕ್ಕೂ ಸಿಗಲಿಲ್ಲ. ಅಂಥದೊಂದು ಅಪಾಯವನ್ನು ಅತ್ಯಂತ ಸಾಧುವಾದ ಪ್ರವಾಸಿಯೂ, ಮರವನ್ನು ಪ್ರೀತಿಸುವವನೂ, ಹಕ್ಕಿಯ ದನಿಗೆ ತಲೆದೂಗುವವನೂ, ತನ್ನ ಒದ್ದೆ ಬೂಟಿನ ಕೆಸರಿನಲ್ಲಿ ಒಂದು ತೊರೆಯಿಂದ ಇನ್ನೊಂದು ತೊರೆಗೆ ಹೊತ್ತು ತರಬಲ್ಲ.

ಆದುದರಿಂದ ಯಂಗೆಲಾದ ಬಿಡಾರದ ಕಟ್ಟಕಡೆಯ ಕೆಲಸ ಡೇರೆ ಮಡಿಸುವುದಲ್ಲ. ಪಾತ್ರೆ ತೊಳೆದ ನೀರನ್ನು ತೊರೆಗೆ ಚೆಲ್ಲದೆ ದೂರದ ಮಣ್ಣಿಗೆ ಸುರಿಯಬೇಕು. ಸಾಬೂನಿನ ನೊರೆ ಮಡುವನ್ನು ಮುಟ್ಟಿದರೆ ಪ್ಲಾಟಿಪಸ್ಸಿನ ಆಹಾರವಾದ ಸಣ್ಣ ಹುಳುಗಳಿಗೆ ಕೇಡು. ತಂದ ಕಸವನ್ನು ಚೀಲದಲ್ಲಿ ಕಟ್ಟಿ ಜೊತೆಯಲ್ಲಿಯೇ ಒಯ್ಯಬೇಕು. ಆಮೇಲೆ ಬೂಟುಗಳನ್ನು ಕಳಚಿ, ಅಟ್ಟೆಯ ಸಂದುಗಳಲ್ಲಿ ಕುಳಿತ ಕೆಸರನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಪೂರ್ತಿ ಒಣಗುವವರೆಗೆ ಬಿಸಿಲಿಗಿಡಬೇಕು. ಆ ಶಿಲೀಂಧ್ರ ಒಣಗಿದರೆ ಬದುಕದು. ಕೆಲಸ ಚಿಕ್ಕದು. ಹಳೆಯ ಬಿಡಾರಿಗರು ಅಷ್ಟು ಹೊತ್ತನ್ನೂ ಮಡುವಿನ ಕಡೆಗೆ ಮುಖಮಾಡಿಯೇ ಕಳೆಯುತ್ತಾರೆ. ಬೂಟು ಒಣಗುತ್ತಿರುತ್ತದೆ, ಗುಳ್ಳೆಗಳ ಸಾಲು ಇನ್ನೊಮ್ಮೆ ಈಚೆಗೆ ಬಂದೀತೆಂದು ಕಣ್ಣು ಕಾಯುತ್ತಿರುತ್ತದೆ.